ಶಿಹಾಬನ ಮೇಲೆ ಬಿದ್ದ ಅನುಮಾನ

ಬಂದರು ಪಟ್ಟಣ ಸ್ಫಾಕ್ಸ್‌ನ ನಮ್ಮ ಕಾಲೇಜಿನಲ್ಲಿ ಕಿರುನಾಟಕ ಆಡಿಸುತ್ತಿದ್ದ ಸಲ್ವಾ ಬೇಕರಿಯವನ ಮಗಳು. ಅವಳ ಗಂಟಲು ದೊಡ್ಡದು, ಸಿಟ್ಟು ಇನ್ನೂ ದೊಡ್ಡದು. ಆ ವರ್ಷದ ನಾಟಕ ಕಾರ್ಖಾನೆಯ ಹೊಗೆಗೆ ಅತ್ತರು ಹೊಡೆಯುವ ಒಬ್ಬ ಅಧಿಕಾರಿಯದು. ನಾವು ಹೊಸ ಕುಚೋದ್ಯ ಸೇರಿಸಿದ ಮರುದಿನವೇ, ಅದನ್ನು ತೆಗೆಯಿರಿ ಎಂದು ಉಪಪ್ರಾಂಶುಪಾಲರಿಂದ ಆಜ್ಞೆ ಬರುತ್ತಿತ್ತು.

"ನಮ್ಮೊಳಗೇ ಯಾರೋ ಚಾಡಿ ಹೇಳ್ತಿದಾರೆ," ಎಂದಳು ಸಲ್ವಾ.

ಎಲ್ಲರ ಕಣ್ಣೂ ಶಿಹಾಬನ ಮೇಲೆ ಬಿತ್ತು. ಅಧಿಕಾರಿಯ ಪಾತ್ರ ಅವನದು. ಕೆರ್ಕೆನ್ನಾ ದ್ವೀಪದವನು, ಉಪಪ್ರಾಂಶುಪಾಲರ ಊರಿನವನೇ. ದಿನಾ ತಾಲೀಮು ಮುಗಿಯುವ ಮೊದಲೇ ಎದ್ದು ಹೊರಡುತ್ತಿದ್ದ.

"ಊರಿನ ಹಡಗು ತಪ್ಪುತ್ತೆ ಕಣೇ, ಅದಕ್ಕೇ ಓಡೋದು," ಎಂದ ಶಿಹಾಬ್.

"ಹಡಗೋ, ಸಾಹೇಬರ ಕೋಣೆಯೋ?" ಎಂದು ನಮ್ಮ ತಂಡದ ಗಾಜಿ ಕೆಣಕಿದ. ನಾವೆಲ್ಲ ನಕ್ಕೆವು. ಸಲ್ವಾ ನಗಲಿಲ್ಲ. "ನಾಳೆಯಿಂದ ಬರಬೇಡ," ಎಂದುಬಿಟ್ಟಳು. ಶಿಹಾಬ್ ಚೀಲ ಹೆಗಲಿಗೇರಿಸಿ ಹೋದ.

ಮರುದಿನ ನಾವು ಇನ್ನೊಂದು ಕುಚೋದ್ಯ ಸೇರಿಸಿದೆವು. ಅದರ ಮರುದಿನವೂ ಆಜ್ಞೆ ಬಂತು! ಈಗ ನಾವು ಒಬ್ಬರನ್ನೊಬ್ಬರು ನೋಡಲೂ ಹೆದರಿದೆವು. ಸೆಖೆ ತಾಳದೆ ಸಲ್ವಾ ತಾಲೀಮಿನ ಕೋಣೆಯ ಕಿಟಕಿಯಿಂದ ತಲೆ ಹೊರಹಾಕಿದಳು. ಕೆಳಗೆ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಉಪಪ್ರಾಂಶುಪಾಲರು ಸಿಗರೇಟು ಸೇದುತ್ತಿದ್ದರು. ನಮ್ಮ ಚಾಡಿಕೋರ ಸಲ್ವಾಳ ಗಂಟಲೇ ಆಗಿತ್ತು.

ಅವಳು ಬಂದರಿಗೆ ಹೋಗಿ, ಹಡಗಿಗೆ ಕಾಯುತ್ತಿದ್ದ ಎಲ್ಲರೆದುರೇ ಶಿಹಾಬನ ಕ್ಷಮೆ ಕೇಳಿದಳು.

"ಪಾತ್ರ ಮಾಡ್ತೀನಿ," ಎಂದ ಅವನು. "ಆದ್ರೆ ನಿನ್ನ ಜೊತೆ ಚಹಾ ಕುಡಿಯಲ್ಲ."

ನಾಟಕ ಚೆನ್ನಾಗಿಯೇ ಆಯಿತು. ಚಹಾ ಮಾತ್ರ ಅವನು ಕೊನೆಯವರೆಗೂ ಬೇರೆಯೇ ಕುಡಿದ.