ಒಂದೇ ತಂಗಡಿ, ಎರಡು ಕಡೆ

ಚಿಕ್ಕಬಳ್ಳಾಪುರದ ನಮ್ಮ ಮನೆಯ ಹಿಂಬದಿಯ ಕೋಣೆಯಲ್ಲಿ, ಗೋಡೆಯುದ್ದಕ್ಕೂ ಹಾಕಿಸಿದ ಹಲಗೆಯ ಮೇಲೆ, ನಂದಿ ರೈಲು ನಿಲ್ದಾಣದ ಮಾದರಿಯೊಂದನ್ನು ನಾನು ಬಹಳ ವರ್ಷಗಳಿಂದ ಕಟ್ಟುತ್ತಿದ್ದೇನೆ. ಕಿರಿದಾದ ಹಳಿಗಳ ಮೇಲೆ ಸಣ್ಣ ರೈಲು ಓಡುತ್ತಿದ್ದ ಕಾಲದ ನಿಲ್ದಾಣ ಅದು. ಹೆಂಚಿನ ಸೂರು, ಕಲ್ಲಿನ ಬೆಂಚು, ಅಂಗೈಯುದ್ದದ ಎಂಜಿನ್ನು. ಚಿಂತಾಮಣಿಯಿಂದ ಬಂದಿದ್ದ ನನ್ನ ಹೆಂಡತಿಯ ತಮ್ಮ ಅದನ್ನು ನೋಡಿ, "ಏನ್ ಭಾವ, ಈ ವಯಸ್ಸಲ್ಲಿ ಆಟದ ಸಾಮಾನಾ?" ಎಂದು ನಕ್ಕು, ಕಾಫಿಯ ಲೋಟವನ್ನು ನನ್ನ ಪ್ಲಾಟ್‌ಫಾರಂ ಮೇಲೆಯೇ ಇಟ್ಟಿದ್ದ. ಲೋಟದ ಗುರುತು ಇನ್ನೂ ಹೋಗಿಲ್ಲ.

ಉಳಿದಿದ್ದು ಹಿನ್ನೆಲೆಯ ಚಿತ್ರ ಮಾತ್ರ. ನಿಲ್ದಾಣದ ಹಿಂದೆ ಬೆಟ್ಟ ಕಾಣಬೇಕಿತ್ತು. ಚಿತ್ರ ಬರೆಯಲು ಬಾರದ ನಾನು, ಹಳಿಯ ಪಕ್ಕದ ಒಂದು ಹೊಲದಲ್ಲಿ ನಿಂತ ಕಡೆಯೇ ನಿಂತು, ಕ್ಯಾಮೆರಾವನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಐದು ಫೋಟೋ ತೆಗೆದೆ. ಆಮೇಲೆ ಅವನ್ನು ಒಂದಾಗಿ ಜೋಡಿಸಬೇಕು. ಜೋಡಣೆ ಸರಿಹೋಗಲು ಅಕ್ಕಪಕ್ಕದ ಎರಡು ಫೋಟೋಗಳಲ್ಲೂ ಬರುವಂಥ ಗುರುತೊಂದು ಬೇಕು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಹಾಗೆ ಎದ್ದು ಕಾಣುವಂಥದ್ದೇನೂ ಇರಲಿಲ್ಲ. ಆ ಎರಡನ್ನು ಮತ್ತೆ ತೆಗೆಯಲು, ಜೊತೆಗೆ ಬಂದಿದ್ದ ಹೆಂಡತಿಯನ್ನು ಕೆಂಪು ಛತ್ರಿ ಕೊಟ್ಟು ಅಲ್ಲಿದ್ದ ತಂಗಡಿ ಪೊದೆಯ ಪಕ್ಕ ನಿಲ್ಲಿಸಿದೆ.

"ಇನ್ನೂ ಎಷ್ಟೊತ್ರೀ?"

"ಅಲ್ಲಾಡ್ಬೇಡ. ನೀನೀಗ ಒಂದು ಕಲ್ಲುಕಂಬ ಅಂದ್ಕೊ."

"ಮದುವೆ ಆದಾಗ್ನಿಂದ ಅದೇ ತಾನೆ? ಬೆಟ್ಟಾನೇ ಮನೆಗೆ ಹೊತ್ಕೊಂಡು ಬರ್ತೀರಿ. ನನ್ನ ಒಂದಿನಾನಾದ್ರೂ ಬೆಟ್ಟದ ಮೇಲಕ್ಕೆ ಕರ್ಕೊಂಡ್ಹೋದ್ರಾ?"

ಹಾಗೆಂದು ನಕ್ಕಳು. ಕ್ಯಾಮೆರಾ ಕಂಡರೆ ಸೆರಗನ್ನು ಮುಖಕ್ಕೆ ತರುತ್ತಿದ್ದವಳು, ಅಂದು ಕಂಬವಾಗಿದ್ದುದರಿಂದ ತರಲಿಲ್ಲ. ಅವಳೊಬ್ಬಳೇ ಇರುವ, ನಗುತ್ತಿರುವ ಬೇರೊಂದು ಫೋಟೋ ನಮ್ಮ ಮನೆಯಲ್ಲಿ ಇರಲಿಲ್ಲ.

ಅಂದು ಸಂಜೆಯೇ ಸ್ಟುಡಿಯೋದವರಿಗೆ ಸೂಚನೆಗಳನ್ನು ಬರೆದೆ. ಸಣ್ಣ ರೈಲಿನ ಕಾಲಕ್ಕೆ ಸಲ್ಲದ್ದೆಲ್ಲವನ್ನೂ ಚಿತ್ರದಿಂದ ತೆಗೆಯಬೇಕು: ಮೊಬೈಲ್ ಟವರು, ದ್ರಾಕ್ಷಿ ತೋಟದ ಬಲೆ, ಬೈಕುಗಳು, ಜನ. ಕೊನೆಯ ಸಾಲು: ಮುದ್ರಣವಾದ ಮೇಲೆ ಕ್ಯಾಮೆರಾದ ಕಾರ್ಡಿನಲ್ಲಾಗಲಿ ಕಂಪ್ಯೂಟರಿನಲ್ಲಾಗಲಿ ಒಂದು ಚಿತ್ರವೂ ಉಳಿಯಕೂಡದು. ಇದಕ್ಕೆ ಕಾರಣವಿತ್ತು. ನಮ್ಮೂರಿನ ಸ್ಟುಡಿಯೋ ಒಂದರವನು ಹಿಂದೆ ನನ್ನ ಬೆಟ್ಟದ ಫೋಟೋವನ್ನು ಕೇಳದೆಯೇ ಕ್ಯಾಲೆಂಡರಿಗೆ ಹಾಕಿಕೊಂಡಿದ್ದ. ವಿಚಾರಿಸಲು ಹೋದರೆ, ಗಿರಾಕಿಗಳ ಮುಂದೆ, "ಬೆಟ್ಟ ಏನು ನಿಮ್ಮಪ್ಪಂದಾ ಸಾರ್?" ಎಂದಿದ್ದ. ಆ ಹೊಸ್ತಿಲನ್ನು ನಾನು ಮತ್ತೆ ತುಳಿದಿಲ್ಲ. ಸೂಚನೆಯನ್ನೂ ಕಾರ್ಡನ್ನೂ ಲಕೋಟೆಯಲ್ಲಿಟ್ಟು ಅಂಟಿಸಿದೆ.

ಆ ವಾರವೇ ಅವಳು ಹಾಸಿಗೆ ಹಿಡಿದಳು. ನಾಲ್ಕು ತಿಂಗಳಿಗೆ ಹೋಗಿಬಿಟ್ಟಳು.

ವರ್ಷದ ಕಾರ್ಯ ಮುಗಿದ ಮೇಲೆ ಲಕೋಟೆಯನ್ನು ಶಿಡ್ಲಘಟ್ಟಕ್ಕೆ ಒಯ್ದು, ಅಲ್ಲೊಬ್ಬ ಹೆಂಗಸು ನಡೆಸುವ ಸ್ಟುಡಿಯೋದಲ್ಲಿ ಕೊಟ್ಟೆ. ತೆರೆದು ನೋಡಲು ಕೈ ಬರಲಿಲ್ಲ. ಹಿನ್ನೆಲೆಯ ಚಿತ್ರ ಬಂದರೆ ಅವಳೂ ಬರುತ್ತಾಳೆ, ಹಳಿಗಳಾಚೆ ಬೆಟ್ಟದ ಬುಡದಲ್ಲಿ ನಗುತ್ತ ನಿಂತಿರುತ್ತಾಳೆ ಎಂಬ ಒಂದೇ ಆಸೆ ನನಗಿತ್ತು.

ವಾರದ ನಂತರ ಆಕೆ ಚಿತ್ರದ ಸುರುಳಿಯನ್ನು ಮೇಜಿನ ಮೇಲೆ ಬಿಡಿಸಿದರು. ಬೆಟ್ಟ ಎಲ್ಲಿಯೂ ಕೂಡಿಸಿದಂತೆ ಕಾಣುತ್ತಿರಲಿಲ್ಲ. ಅವಳು ಇರಲಿಲ್ಲ.

"ಇಲ್ಲೊಬ್ಬರು ನಿಂತಿದ್ದರಲ್ಲ?"

"ಹೂಂ ಸಾರ್, ಕೆಂಪು ಛತ್ರಿ ಹಿಡ್ಕೊಂಡು ಒಬ್ರಮ್ಮ. ಅವ್ರಿದ್ದಿದ್ದಕ್ಕೇ ಎರಡು ಫೋಟೋ ಕರೆಕ್ಟಾಗಿ ಕೂತ್ಕೊಂಡ್ವು. ಆಮೇಲೆ ತೆಗ್ದುಬಿಟ್ಟೆ."

"ತೆಗೆಯಲು ನಿಮಗೆ ಹೇಳಿದವರು ಯಾರು?" ಎಂದು ಕೂಗಿದೆ. ಪಾಸ್‌ಪೋರ್ಟ್ ಫೋಟೋಗೆ ಕಾದಿದ್ದವರೆಲ್ಲ ತಿರುಗಿ ನೋಡಿದರು. ಆಕೆ ಒಳಗೆ ಹೋಗಿ ಹಾಳೆಯೊಂದನ್ನು ತಂದು ನನ್ನ ಮುಂದಿಟ್ಟರು. ನನ್ನದೇ ಅಕ್ಷರ. ಪ್ರತಿ ಸಾಲಿನ ಮುಂದೆಯೂ ಕೆಂಪು ಶಾಯಿಯ ಗುರುತು. 'ಜನ' ಎಂಬುದರ ಮುಂದೆಯೂ.

"ಕಾರ್ಡು?"

"ಕಡೇ ಲೈನೂ ಮಾಡಿದ್ದೀನಿ ಸಾರ್. ಎಲ್ಲಾ ಅಳಿಸ್ಬಿಟ್ಟೆ." ಆಮೇಲೆ ದನಿ ತಗ್ಗಿಸಿ ಕೇಳಿದರು, "ಯಾರು ಸಾರ್ ಅವ್ರು?"

"ನಮ್ಮನೆಯವರು."

"ಅಯ್ಯೋ ದೇವುಡಾ!" ಎಂದು ಆಕೆ ಕುರ್ಚಿಯಲ್ಲಿ ಕುಳಿತುಬಿಟ್ಟರು.

ಅಳಿಸಿದ್ದನ್ನು ಮರಳಿ ತರಲು ಆಕೆ ಎರಡು ದಿನ ಹೆಣಗಿದರು. ಬೂದುಬಣ್ಣದ ಪಟ್ಟಿಗಳಷ್ಟೇ ಬಂದವು. ಪರರ ಚುಚ್ಚುಮಾತುಗಳನ್ನು ಇಷ್ಟು ವರ್ಷ ಒಂದಕ್ಷರ ತಪ್ಪದೆ ಮನಸ್ಸಿನಲ್ಲಿ ಕಾಪಾಡಿಕೊಂಡು ಬಂದವನು, ನಾನೇ ಬರೆದ ಒಂದು ಪದವನ್ನು ಮರೆತಿದ್ದೆ.

ಚಿತ್ರವನ್ನು ಗೋಡೆಗೆ ಅಂಟಿಸಿದ್ದೇನೆ. ಅವಳು ನಿಂತಿದ್ದ ಜಾಗವನ್ನು ತುಂಬಲು ಸ್ಟುಡಿಯೋದಾಕೆ ಪಕ್ಕದ ತಂಗಡಿ ಪೊದೆಯನ್ನೇ ನಕಲು ಮಾಡಿ ಕೂರಿಸಿದ್ದಾರೆ. ಅದೇ ಹಳದಿ ಹೂ, ಎಡಕ್ಕೆ ಮುರಿದು ಜೋತ ಅದೇ ರೆಂಬೆ, ಎರಡು ಕಡೆ. ಗೊತ್ತಿಲ್ಲದವರಿಗೆ ಕಾಣುವುದಿಲ್ಲ.

ಮೊನ್ನೆ ಬಂದ ಭಾವಮೈದುನ ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ಬಹಳ ಹೊತ್ತು ನೋಡಿದ. "ಚೆನ್ನಾಗಿದೆ ಭಾವ. ಎಲ್ಲೂ ಒಂದು ತಪ್ಪು ಕಾಣಲ್ಲ. ಅಕ್ಕ ನೋಡ್ಬೇಕಿತ್ತು."

ನಾನು ರೈಲನ್ನು ಓಡಿಸಿ, ಎರಡನೆಯ ತಂಗಡಿಯ ಮುಂದೆ ನಿಲ್ಲಿಸಿದೆ.

"ಅಲ್ಲಿ ಸ್ಟೇಷನ್ ಇಲ್ವಲ್ಲ ಭಾವ?" ಎಂದ.

"ಇಲ್ಲ" ಎಂದೆ.