ಪಾಲಿಗೆ ಬಂದ ಬಿಳಿ ಪೆಟ್ಟಿಗೆ

ಆಟದ ಯಂತ್ರಗಳನ್ನು ಪಾಲು ಮಾಡಲಿಕ್ಕೆ ದೊಡ್ಡಪ್ಪ ಉಜ್ಜಿನಪ್ಪ ಕಂಪ್ಲಿಯಿಂದ ಬಂದ ದಿನ ಗಂಗಾಂಬಿಕಾ ಕೇಳಿದ್ದಕ್ಕಷ್ಟೇ ಬಾಯಿ ಬಿಚ್ಚಿದಳು. ತನ್ನ ಪಾಲಿನ ಮಾತು, ಅವಳ ಪಾಲಿನ ಮಾತು, ಎರಡನ್ನೂ ತಮ್ಮ ಮನೋಹರನೇ ಆಡುತ್ತಿದ್ದ. ಅವಳು ಗೋಡೆಗೆ ಒರಗಿ ನಿಂತು ಕೇಳುತ್ತಿದ್ದಳು. ಕೇಳುವುದು ಅವಳಿಗೆ ಹಳೆಯ ರೂಢಿ.

ಹೊಸಪೇಟೆಯ ಕೇಬಲ್ ಆಫೀಸಿನಲ್ಲಿ ಫೋನ್ ಎತ್ತುವುದರಲ್ಲೇ ಅವಳ ಹರೆಯವೆಲ್ಲ ಕಳೆದಿತ್ತು. “ನೆಟ್ ಬರವಲ್ದು,” “ಆಟ ಅರ್ಧಕ್ಕ ನಿಂತೈತಿ, ಜಲ್ದಿ ಯಾರ್ನಾರ ಕಳಸ್ರಿ” ಎಂದು ಬೈಯುವವರ ಮಾತು ಕೇಳಿ ಕೇಳಿಯೇ ಊರಿನ ಹುಡುಗರಿಗೆ ಯಾವ ಹುಚ್ಚು ಹಿಡಿದಿದೆ ಎಂಬುದು ಅವಳಿಗೆ ತಿಳಿದುಹೋಗಿತ್ತು. ಅಪ್ಪ ತೀರಿಕೊಂಡ ಮೇಲೆ ಅಕ್ಕಿ ಅಂಗಡಿಯ ಮಾಳಿಗೆ ಖಾಲಿ ಬಿದ್ದಿತ್ತು. ಹರಿದ ಚೀಲ, ತೌಡು, ಇಲಿ ಎಲ್ಲವನ್ನೂ ಹೊರಗೆ ಹಾಕಿ, ಸುಣ್ಣ ಹೊಡೆಸಿ, ಒಂದು ಕರಿ ಪ್ಲೇಸ್ಟೇಷನ್ ತಂದಿಟ್ಟಳು. ಮುಂದಿನ ಬೇಸಿಗೆಯಲ್ಲಿ ಅದರ ಪಕ್ಕಕ್ಕೆ ಬಿಳಿ ಎಕ್ಸ್‌ಬಾಕ್ಸ್ ಬಂದು ಕುಳಿತಿತು. ಅಂದಿನಿಂದ ಮಾಳಿಗೆಯಲ್ಲಿ ಎರಡು ಪಂಗಡ.

“ಕರೀದ್ರಾಗ ಡಿಸ್ಕ್ ಹಾಕ್ಬೋದಲೇ. ಸಾಕಾತಂದ್ರ ಇನ್ನೊಬ್ಬಗ ಮಾರ್ಬೋದು. ನಿಂದಕ್ಕ ಬಾಯೇ ಇಲ್ಲ, ಏನ್ ತಿನಸ್ತಿ?”

“ಬಾಯಿ ಯಾಕ ಬೇಕು? ತಿಂಗಳಿಗೊಮ್ಮಿ ಕಟ್ಟಿದ್ರ ನೂರಾರು ಆಟ ತಾವ ಇಳಿತಾವು.”

“ಕಟ್ಟೋದು ಬಿಟ್ಟ ದಿನ?”

ಬಾಗಿಲ ಬಳಿಯ ಸ್ಟೂಲಿನ ಮೇಲಿಂದ ಗಂಗಾಂಬಿಕಾ ನಗುತ್ತಾ ತೀರ್ಪು ಹೇಳುತ್ತಿದ್ದಳು. “ಬಿಳಿದು ಖಾನಾವಳಿ ಇದ್ದಂಗ. ತಿಂಗಳಾ ಕಟ್ಟು, ಹೊಟ್ಟಿ ತುಂಬ ಉಣ್ಣು. ಬಿಟ್ಟಿ ಅಂದ್ರ ತಾಟು ಎತ್ತತಾರ. ಕರಿದು ಮನಿ ಒಲಿ ಇದ್ದಂಗ. ಅಡಿಗಿ ಕಮ್ಮಿ, ಪಾತ್ರಿ ನಿಂದು. ಊರಾಚಿ ಮಂದಿ ಕೂಡ ಆಡಾಕ ಮಾತ್ರ ಎರಡಕ್ಕೂ ಕಟ್ಟಬೇಕು. ಅದಕ್ಕ ಜಗಳ ಬ್ಯಾಡ. ನಿಮ್ಮ ಗೆಳೆಯರು ಯಾವ ಕಡಿ ಅದಾರ ನೋಡ್ರಿ, ಆ ಕಡಿ ಕುಂದ್ರಿ.”

ಮನೋಹರನನ್ನು ಅವಳೇ ಕರೆದದ್ದು, ಟೀವಿ ಹೊತ್ತು ಮೇಲಕ್ಕೆ ತರಲಿಕ್ಕೆ. ಟೀವಿ ಇಟ್ಟವನು ಅಲ್ಲೇ ಕುಳಿತ. ಕುಳಿತವನು ಬೋರ್ಡಿಗೆ ತನ್ನ ಹೆಸರು ಬರೆಸಿದ. ಅದನ್ನೂ ಅವಳು ನುಂಗಿಕೊಂಡಳು, ತಮ್ಮನಲ್ಲವೇ ಎಂದು. ಆದರೆ ಅವನಿಗೆ ಕಂಪ್ಲಿಯ ಹೆಣ್ಣು ಗೊತ್ತಾದಾಗ, ಬೀಗರಾಗುವವರು ಮನೆಗೆ ಬಂದು, “ನಿಮ್ಮಕ್ಕಾರು ದಿನಾ ಆ ಗಂಡುಡುಗರ ನಡುವ ಕುಂತಿರ್ತಾರಂತಲ್ಲ?” ಎಂದು ಕೇಳಿದರು. ಗಂಗಾಂಬಿಕಾ ಚಹದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿದ್ದಳು.

“ಅಕ್ಕನೇನ್ ಮಾಡ್ತಾಳ್ರಿ,” ಎಂದ ಮನೋಹರ. “ಕಸ ಹೊಡಿತಾಳ, ಬಾಗ್ಲಾ ಕಾಯ್ತಾಳ. ಅಂಗಡಿ ಎಲ್ಲಾ ನಾನ ಕಟ್ಟಿದ್ದು. ಇನ್ನ ಮ್ಯಾಲ ಬರಂಗಿಲ್ಲ ಬಿಡ್ರಿ.”

ಅವಳು ಚಹ ಕೊಟ್ಟಳು. ಒಬ್ಬರ ಬಟ್ಟಲಿನಿಂದಲೂ ತುಳುಕಲಿಲ್ಲ.

ಆಮೇಲೆ ಬಂದದ್ದೇ ಪಾಲಿನ ದಿನ. ಉಜ್ಜಿನಪ್ಪ ಊರಿನ ಎಷ್ಟೋ ಮನೆಗಳ ಹಂಡೆ, ಕೊಪ್ಪರಿಗೆ, ತಾಮ್ರದ ಕೊಡ ಪಾಲು ಮಾಡಿದವರು. ಆಟದ ಯಂತ್ರಗಳನ್ನೂ ಹಾಗೆಯೇ ಕೂರಿಸಿಕೊಂಡರು. ಕರಿದನ್ನು ಎತ್ತಿ ತೂಗಿದರು, ಬಿಳಿದನ್ನು ಎತ್ತಿ ತೂಗಿದರು. ಮಗುಚಿ ತಳ ನೋಡಿದರು.

“ಯಾರ ಹೆಸರೂ ಕೊರಿಸಿಲ್ಲೇನವ್ವಾ?”

“ಇದಕ್ಕ ಕೊರಸಂಗಿಲ್ರಿ ದೊಡ್ಡಪ್ಪ,” ಎಂದಳು ಗಂಗಾಂಬಿಕಾ.

“ಬಿಳಿದು ಹೊಸಾದು, ಅದು ನನಗಿರ್ಲಿ,” ಎಂದ ಮನೋಹರ. “ಸಂಡೂರು ಕಡಿ ಲಾರಿ ಓಡಾಡಿ ಎಷ್ಟು ಕೆಂಧೂಳು ಬರ್ತತಿ ನೋಡ್ರಿ. ಇದಕ್ಕ ಡಿಸ್ಕ್ ತುರುಕೋ ಸಂದೀನ ಇಲ್ಲ. ಕರಿದೂ ಆ ಹಳೇ ಡಿಸ್ಕೂ ಅಕ್ಕ ಒಯ್ಲಿ.”

“ಮಾಳಿಗಿ?”

“ಮಾಳಿಗಿ ನಂದಲ್ಲೇನ್ರಿ ಮತ್ತ?”

ದೊಡ್ಡಪ್ಪ ಅವಳ ಕಡೆ ತಿರುಗಿದರು. “ನಿನಗ ಒಪ್ಪಿಗಿ ಏನವ್ವಾ?”

ಅವಳಿಗೆ ಆ ಗಳಿಗೆಯಲ್ಲಿ ನಗು ಬಂತು. ಸೆರಗಿನಿಂದ ಬಾಯಿ ಒರೆಸಿಕೊಂಡು ನುಂಗಿದಳು. ಬಿಳಿ ಪೆಟ್ಟಿಗೆಯೊಳಗೆ ಆಟವೇ ಇಲ್ಲ ಎಂಬುದು ಆ ಕೋಣೆಯಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು. ಡಿಸ್ಕ್ ಇಲ್ಲದ ಯಂತ್ರದಲ್ಲಿ ಆಟವೆಲ್ಲ ಕೊಂಡವರ ಹೆಸರಿಗೆ ಇರುತ್ತದೆ. ಕೊಂಡದ್ದು ಅವಳು, ಖಾತೆ ಅವಳದು, ಓಟಿಪಿ ಬರುವ ಫೋನ್ ಅವಳದು. ಒಂದು ಪೆಟ್ಟಿಗೆಯನ್ನು ‘ಇದು ನನ್ನ ಮನೆ’ ಎಂದು ಖಾತೆ ಇರುವವರು ಗುರುತು ಮಾಡಿದರೆ, ಅದರಲ್ಲಿ ಯಾರು ಕುಳಿತು ಆಡಿದರೂ ಅವರ ಆಟಗಳೆಲ್ಲ ತೆರೆಯುತ್ತವೆ. ಅವಳು ಹಾಗೆ ಗುರುತು ಮಾಡಿಟ್ಟಿದ್ದಳು. ಮನೋಹರ ಗುಂಡಿ ಒತ್ತುತ್ತಿದ್ದ, ಆಟ ಬರುತ್ತಿತ್ತು. ಅದು ಎಲ್ಲಿಂದ ಬರುತ್ತದೆಂದು ಅವನು ಎಂದೂ ಕೇಳಿರಲಿಲ್ಲ.

“ಒಪ್ಪಿಗಿ ಐತ್ರಿ ದೊಡ್ಡಪ್ಪ,” ಎಂದಳು.

ಮಲಪನಗುಡಿಯಲ್ಲಿ ದುರ್ಗಕ್ಕನ ಮನೆಯ ಮುಂದಿನ ಕೋಣೆ ಹಿಡಿದು ಕರಿ ಪ್ಲೇಸ್ಟೇಷನ್ ಇಟ್ಟಳು. ದುರ್ಗಕ್ಕ ಕೇಬಲ್ ಆಫೀಸಿನ ಕಾಲದ ಗೆಳತಿ. ಹೊಲದ ಕೆಲಸ ಮುಗಿಸಿ ಬರುವ ಹುಡುಗರು ಒಬ್ಬರೋ ಇಬ್ಬರೋ ಬಂದು ಡಿಸ್ಕ್ ಹಾಕಿ ಆಡಿ ಹೋಗುತ್ತಿದ್ದರು. ಅತ್ತ ಹೊಸಪೇಟೆಯ ಮಾಳಿಗೆ ತುಂಬಿ ತುಳುಕುತ್ತಿತ್ತು. ಬಿಳಿ ಪೆಟ್ಟಿಗೆಯ ತಿಂಗಳ ಚಂದಾ ಮಾತ್ರ ಈ ಕಡೆಯಿಂದ ಹೋಗುತ್ತಲೇ ಇತ್ತು. ಅದು ಗೊತ್ತಾದ ದಿನ ದುರ್ಗಕ್ಕ ತಲೆ ತಲೆ ಚಚ್ಚಿಕೊಂಡಳು.

“ನಿನಗೇನ್ ದೆವ್ವ ಬಡದೈತೇನ? ಅವ ನಿನ್ನ ಹೊರಗ ಹಾಕ್ಯಾನ, ನೀ ಅವನ ಅಂಗಡಿಗೆ ಎಣ್ಣಿ ಹಾಕ್ತಿ? ಇವತ್ತ ಕಿತ್ತು ಬಿಸಾಕು!”

“ಇವತ್ತು ಕಿತ್ರ ನಾಕು ಹುಡುಗ್ರು ನೋಡ್ತಾರ. ನೆಟ್ ಹೋತು ಅಂತಾನ, ಮುಗೀತು.”

“ಮತ್ತ ಯಾವಾಗ?”

“ಬೆಳೀಲಿ ತಡಿ. ಎತ್ತರ ಏರಿದಷ್ಟು ಛಲೋ.”

ರಾತ್ರಿ ಮಲಗಿದರೆ ಅವಳಿಗೆ ಸಿಟ್ಟು ಬರುತ್ತಿರಲಿಲ್ಲ. ಸಿಟ್ಟು ಕುದಿದು ಕುದಿದು ಗಟ್ಟಿ ಪಾಕವಾಗಿ ಕುಳಿತಿತ್ತು. ‘ಕಸ ಹೊಡಿತಾಳ, ಬಾಗ್ಲಾ ಕಾಯ್ತಾಳ’ ಎಂಬ ಮಾತನ್ನು ಆಗಾಗ ತೆಗೆದು ರುಚಿ ನೋಡಿ, ಮತ್ತೆ ಮುಚ್ಚಿಡುತ್ತಿದ್ದಳು.

ಅವಳು ಕಾಯುತ್ತಿದ್ದ ದಿನ ಯಶವಂತನಗರದಿಂದ ಬಂತು. ಅಲ್ಲಿನ ಗಣಿ ಕೆಲಸಗಾರರ ಕ್ಲಬ್ಬಿನಲ್ಲಿ ಆಟದ ಕೋಣೆ ಮಾಡಬೇಕು, ಯಾವ ಯಂತ್ರ ಒಳ್ಳೆಯದು ಎಂದು ಬಲ್ಲವರು ತಂದು ತೋರಿಸಬೇಕು, ತೋರಿಸಿ ಗೆದ್ದವರೇ ಆ ಕೋಣೆ ನಡೆಸಬೇಕು. ಕ್ಲಬ್ಬಿನ ಕಾರ್ಯದರ್ಶಿ ಈಶ್ವರ್ ಅಕ್ಕನಿಗೂ ಹೇಳಿ ಕಳಿಸಿದ್ದ, ತಮ್ಮನಿಗೂ ಹೇಳಿ ಕಳಿಸಿದ್ದ. ಗಂಗಾಂಬಿಕಾ ಹಂಪಿಯ ಹೋಟೆಲೊಂದರ ಕೆಲಸಗಾರನ ಕೈಯಿಂದ, ತಮ್ಮನ ಬಳಿಯಿದ್ದಂಥದೇ ಒಂದು ಹಳೆಯ ಬಿಳಿ ಪೆಟ್ಟಿಗೆ ಕೊಂಡಳು. ಅದಕ್ಕೆ ಆಟಗಳನ್ನು ಇಳಿಸಿ, ಕರಿದರ ಜೊತೆ ಚೀಲಕ್ಕೆ ಹಾಕಿಕೊಂಡು ಹೋದಳು.

ಕ್ಲಬ್ಬಿನ ಹಾಲ್ ತುಂಬ ಪಾಳಿ ಮುಗಿಸಿ ಬಂದವರು. ಮನೋಹರ ಹೊಸ ಅಂಗಿ ತೊಟ್ಟಿದ್ದ. ಅಳಿಯನ ಗತ್ತು ನೋಡಲೆಂದು ಕಂಪ್ಲಿಯ ಬೀಗರೂ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಅವರೂ ಬರುತ್ತಾರೆಂದು ಗಂಗಾಂಬಿಕಾ ಎಣಿಸಿರಲಿಲ್ಲ. ಇಷ್ಟನ್ನು ಅವಳು ಬೇಡಿಕೊಂಡಿರಲಿಲ್ಲ.

“ಅಕ್ಕಾ, ನೀ ಯಾಕ ಬಂದಿ ಸುಮ್ನ?” ಎಂದ ಮನೋಹರ, ಮೆಲ್ಲಗೆ. “ಆ ಕರೀ ಡಬ್ಬಿ ತೋರ್ಸಿ ನಗಸ್ತಿ ಮಂದೀನ.”

“ನಗ್ಲಿ ಬಿಡೋ. ನಗಾಕ ಬಂದಾರ.”

ಮೊದಲು ಅವಳ ಸರದಿ. ಕರಿದನ್ನು ಹಚ್ಚಿ ತೋರಿಸಿದಳು, ಡಿಸ್ಕಿನ ಲಾಭ ಹೇಳಿದಳು. “ನಿಮ್ಮ ಕಡಿ ನೆಟ್ ಹೋಗೋದು ಬರೋದು ಮಾಡ್ತೈತಂದ್ರ ಇದು ಕೈ ಹಿಡಿತೈತ್ರಿ. ಭಾಳ ಮಂದಿ, ಭಾಳ ನಮೂನಿ ಆಟ ಬೇಕಂದ್ರ ಬಿಳಿದು. ಎರಡೂ ಇದ್ರ ಜಗಳ ಇಲ್ಲ.” ಹಾಗೆಂದು ತನ್ನ ಹಳೆಯ ಬಿಳಿ ಪೆಟ್ಟಿಗೆ ಹೊರತೆಗೆದಳು. ನೆಟ್ ಜೋಡಿಸಿ, ತನ್ನ ಖಾತೆ ತೆರೆದಳು. ‘ಇದನ್ನು ನನ್ನ ಮನೆಯ ಪೆಟ್ಟಿಗೆ ಮಾಡು’ ಎಂಬ ಗುಂಡಿಯ ಮೇಲೆ ಬೆರಳಿಟ್ಟಳು. ಒಬ್ಬರಿಗೆ ಒಂದೇ ಮನೆ. ಇಲ್ಲಿ ಗುರುತು ಬಿದ್ದರೆ ಅಲ್ಲಿಯದು ಅಳಿಯುತ್ತದೆ. ತಮ್ಮನ ಕಡೆ ಒಮ್ಮೆ ನೋಡಿದಳು. ಅವನು ಬೀಗರ ಕಿವಿಯಲ್ಲಿ ಏನೋ ಹೇಳಿ ನಗಿಸುತ್ತಿದ್ದ.

ಒತ್ತಿದಳು.

ಆಮೇಲೆ ಮನೋಹರ ಎದ್ದ. “ನಮ್ಮ ಅಂಗಡ್ಯಾಗ ಇಲ್ಲದ ಆಟ ಇಲ್ರಿ,” ಎಂದು ತನ್ನ ಬಿಳಿ ಪೆಟ್ಟಿಗೆ ಹಚ್ಚಿ ಕಾರಿನ ಆಟಕ್ಕೆ ಕೈ ಹಾಕಿದ. ತೆರೆಯಲಿಲ್ಲ. ಕಾಲ್ಚೆಂಡಿನ ಆಟ ಒತ್ತಿದ. ಅದೂ ಇಲ್ಲ. ದೊಡ್ಡ ತೆರೆಯ ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು ನಿಂತಿತು.

ಹಿಂದಿನಿಂದ ಯಾರೋ ಕೂಗಿದರು, “ಏನಂತೈತ್ರಿ ಅದು?”

ಈಶ್ವರ್ ಕನ್ನಡಕ ಏರಿಸಿ ಓದಿ ಹೇಳಿದ: “ಇದನ್ನ ಕೊಂಡವ್ರು ಬಂದು ಸೈನ್ ಇನ್ ಆಗ್ಬೇಕಂತ್ರಿ.”

“ನೆಟ್ ಪ್ರಾಬ್ಲಮ್,” ಎಂದ ಮನೋಹರ.

“ನೆಟ್ ಅಕ್ಕಾರ್ದಕ್ಕ ನಡದೈತಲ್ರಿ, ಪಕ್ಕದಾಗ.”

ಮನೋಹರ ಒತ್ತಿದ್ದನ್ನೇ ಒತ್ತಿದ. ಆ ಸಾಲು ಹೋಗಿ ಹೋಗಿ ಬಂತು. ಪ್ರತಿ ಸಲ ಹಾಲಿನಲ್ಲಿ ನಗು ಜೋರಾಯಿತು. “ಕೊಂಡವ್ರನ್ನ ಕರೀರೋ!” ಎಂದು ಒಬ್ಬ ಶಿಳ್ಳೆ ಹಾಕಿದ. ಬೀಗರು ನಗಲಿಲ್ಲ. ಎದ್ದು ನಿಂತು ಕೇಳಿದರು, “ಎಲ್ಲಾ ನೀವ ಕಟ್ಟಿದ್ದಲ್ಲೇನ್ರಿ? ಮತ್ತ ಕೊಂಡವ್ರು ಯಾರು?”

ಗಂಗಾಂಬಿಕಾ ತಮ್ಮನ ಕುತ್ತಿಗೆಯ ಮೇಲೆ ಬೆವರು ಇಳಿದು ಹೊಸ ಅಂಗಿಯ ಕಾಲರ್ ತೊಯ್ಯುವುದನ್ನು ನೋಡುತ್ತಾ ನಿಂತಳು. ಅವನು ತಿರುಗಿ ಅವಳನ್ನು ನೋಡಿದ. ಆಗ ಹೇಳಿದಳು.

“ನಾನ್ರಿ.”

ಅದೇ ಕಾರಿನ ಆಟವನ್ನು ತನ್ನ ಪೆಟ್ಟಿಗೆಯಲ್ಲಿ ತೆರೆದು, ಮುಂದಿನ ಸಾಲಿನವನ ಕೈಗೆ ರಿಮೋಟ್ ಕೊಟ್ಟಳು.

ಕ್ಲಬ್ಬಿನ ಕೋಣೆ ಅವಳದಾಯಿತು. ಹೊಸಪೇಟೆಯ ಮಾಳಿಗೆಯಲ್ಲಿ ಬಿಳಿ ಪೆಟ್ಟಿಗೆಯ ದೀಪ ಉರಿಯುತ್ತಿತ್ತು, ಆಟ ತೆರೆಯುತ್ತಿರಲಿಲ್ಲ. ಹುಡುಗರು ಒಬ್ಬೊಬ್ಬರಾಗಿ ಮಲಪನಗುಡಿಯ ಹಾದಿ ಹಿಡಿದರು. ಬೀಗರು ಲಗ್ನದ ಮಾತು ಮುಂದೂಡಿದರು. ಒಂದು ಸಂಜೆ ಉಜ್ಜಿನಪ್ಪ ಮನೋಹರನನ್ನು ಕರೆದುಕೊಂಡು ದುರ್ಗಕ್ಕನ ಮನೆಗೆ ಬಂದರು.

“ಹೋಗ್ಲಿ ಬಿಡವ್ವಾ. ಆ ಮನಿ ಗುರುತು ಅವನ ಡಬ್ಬಿಗೆ ಮತ್ತ ಹಾಕಿಕೊಡು. ಒಡಹುಟ್ಟಿದಾವ.”

“ಪಾಲು ಮಾಡಿದವ್ರು ನೀವ ದೊಡ್ಡಪ್ಪ. ಡಬ್ಬಿ ಅವಂದು ಅಂದ್ರಿ. ಅದನ್ನ ನಾ ವಾಪಸ್ ಕೇಳೀನೇನು?” ಎಂದು ಅವರಿಗೆ ನೀರು ಕೊಟ್ಟಳು.

ಮನೋಹರ ನೆಲ ನೋಡುತ್ತಾ ಗೊಣಗಿದ. “ತಪ್ಪಾತು ಅಕ್ಕಾ. ಎಲ್ಲಾ ನೀನ ಮಾಡಿದ್ದು.”

ಕೇಬಲ್ ಆಫೀಸಿನಲ್ಲಿ ಗಾಳಿ ಮಳೆಯ ನಡುವೆಯೂ ಫೋನಿನ ಆ ತುದಿಯ ಪಿಸುಮಾತು ಹಿಡಿಯುತ್ತಿದ್ದ ಕಿವಿ ಅವಳದು.

“ಏನಂದಿ? ಕೇಳಲಿಲ್ಲ.”

“ತಪ್ಪಾತು ಅಂದ್ನಿ.”

“ಹುಡುಗ್ರ ಗದ್ಲ ಭಾಳ ಐತಿಲ್ಲಿ. ಹೊರಗ ಬಾ.”

ಹೊರಗೆ ಬೀದಿಯಲ್ಲಿ ಹೊಲದಿಂದ ಬಂದವರು ಕಟ್ಟೆಯ ಮೇಲೆ ಸಾಲಾಗಿ ಕುಳಿತಿದ್ದರು. ಹಾಲು ಹಾಕಲಿಕ್ಕೆ ಹೊರಟ ಹೆಂಗಸರು ನಿಂತು ಮಾತಾಡುತ್ತಿದ್ದರು. ಗಂಗಾಂಬಿಕಾ ಅವರ ನಡುವೆ ಜಾಗ ಮಾಡಿಕೊಂಡು ಕಟ್ಟೆಯ ಮೇಲೆ ಕುಳಿತಳು. ತಮ್ಮನನ್ನು ಎದುರಿಗೆ ನಿಲ್ಲಿಸಿದಳು.

“ಹೂಂ,” ಎಂದಳು. “ಈಗ ಹೇಳು. ಜೋರ ಹೇಳು.”