ಅತ್ತೆಯ ಹೊಲಿಗೆಗೊಂದು ಕ್ಯಾಮೆರಾ

ಸೊಸೆಯ ಕೆಲಸ ಮೊಬೈಲ್ ಆಟಗಳಲ್ಲಿ ಹುಲ್ಲು ಮೂಡಿಸುವುದು. ಗಾಳಿಗೆ ಬಾಗುವ ಎಸಳು, ಅದರ ನೆರಳು, ಮೇಲೆ ಬೀಳುವ ಬಿಸಿಲು, ಎಲ್ಲಕ್ಕೂ ಪ್ರೋಗ್ರಾಂ ಬರೆಯಬೇಕು. ಫೋನಿನ ಪುಟ್ಟ ಪ್ರೊಸೆಸರ್ ಏದುಸಿರು ಬಿಡದಂತೆಯೂ ನೋಡಿಕೊಳ್ಳಬೇಕು. “ಇಷ್ಟೆಲ್ಲ ಓದಿ ಹುಲ್ಲು ಬೆಳೆಸ್ತೀಯಲ್ಲೇ, ಒಂದು ಹಸು ಕಟ್ಟೋಣ್ವಾ?” ಎಂದು ಅತ್ತೆ ನಗುತ್ತಿದ್ದರು.

ಅತ್ತೆ ಬಟ್ಟೆ ಹೊಲಿಯುವವರು. ಬೀದಿಯ ಅರ್ಧ ಜನರ ಅಳತೆ ಅವರಿಗೆ ಬಾಯಿಪಾಠ. ಅಂಥವರ ಕಣ್ಣಿಗೆ ಮಬ್ಬು ಕವಿಯಿತು. ಅಂಚಿನಲ್ಲಿದ್ದದ್ದು ಕಾಣುತ್ತಿತ್ತು, ನೇರವಾಗಿ ನೋಡಿದ್ದು ಮಾತ್ರ ಕರಗಿಹೋಗುತ್ತಿತ್ತು. ಕನ್ನಡಕದಿಂದ ಸರಿಹೋಗುವಂಥದ್ದಲ್ಲ ಎಂದರು ಡಾಕ್ಟರು. ಅತ್ತೆ ಅತ್ತುಕರೆದು ಮಾಡಲಿಲ್ಲ. ಹೊಲಿಗೆ ಯಂತ್ರಕ್ಕೆ ಹಳೆಯ ಚಾದರ ಹೊದಿಸಿ ಸುಮ್ಮನಾದರು. ಹಸುವಿನ ತಮಾಷೆಯೂ ನಿಂತುಹೋಯಿತು. ಸೊಸೆಗೆ ಆ ಮೌನವನ್ನೇ ತಡೆದುಕೊಳ್ಳಲಾಗಲಿಲ್ಲ.

ಮನೆಯಲ್ಲೇ ಏನಾದರೊಂದು ಮಾಡಿ ನೋಡುವ ಹವ್ಯಾಸಿಗಳು ಬಳಸುವ, ಅಂಗೈಯಗಲದ ಕಂಪ್ಯೂಟರ್ ಬೋರ್ಡ್ ಒಂದನ್ನು ತಂದಳು. ಅದಕ್ಕೆ ಕ್ಯಾಮೆರಾ ಜೋಡಿಸಿ ಸೂಜಿಯ ಪಕ್ಕ ಬಿಗಿದಳು. ಸೂಜಿ, ಬಟ್ಟೆ ಎರಡೂ ಎದುರಿಗಿಟ್ಟ ಪರದೆಯಲ್ಲಿ ದೊಡ್ಡದಾಗಿ ಮೂಡಿದವು. ಅತ್ತೆ ಹುರುಪಿನಿಂದ ಯಂತ್ರ ತುಳಿದರು. ಆದರೆ ಕೈ ಮುಂದೆ ಹೋದರೂ ಚಿತ್ರ ಹಿಂದೆಯೇ ಉಳಿಯುತ್ತಿತ್ತು. ಸೂಜಿ ಬೆರಳಿಗೆ ಚುಚ್ಚಿತು.

“ಬಿಟ್ಬಿಡು ಮಗಳೇ, ಸಾಕು,” ಎಂದರು ಅತ್ತೆ, ಬೆರಳು ಚೀಪುತ್ತ.

“ನಿಮ್ಮ ತಪ್ಪಲ್ಲ ಅತ್ತೆ, ಇದೇ ನಿಧಾನ. ಹೇಳಿ, ಹೊಲಿಯೋವಾಗ ನಿಮಗೆ ಏನೇನು ಕಾಣ್ಲೇಬೇಕು?”

“ಸೂಜಿ ಮೊನೆ, ಬಟ್ಟೆ ಅಂಚು. ಮಿಕ್ಕಿದ್ದನ್ನ ಕೈ ನೋಡ್ಕೊಳ್ಳುತ್ತೆ.”

ಚಿತ್ರ ಚೆಂದ ಕಾಣಲೆಂದು ತಾನೇ ತುಂಬಿದ್ದ ಬಣ್ಣ, ನುಣುಪು ಎಲ್ಲವೂ ಆ ಬೋರ್ಡಿಗೆ ಹೊರೆಯಾಗಿದ್ದವು. ಸೊಸೆ ಒಂದೊಂದನ್ನೇ ಕಿತ್ತುಹಾಕಿದಳು. ಕೊನೆಗೆ ಉಳಿದದ್ದು ಕಪ್ಪು ಪರದೆಯ ಮೇಲೆ ದಪ್ಪ ಬಿಳಿ ಗೆರೆಗಳು. ಈಗ ಚಿತ್ರ ಕೈಯ ಜೊತೆಗೇ ಓಡಿತು.

ಅತ್ತೆ ದಿಂಬಿನ ಕವರಿನ ಒಂದು ಬದಿ ಹೊಲಿದು ಹೆಬ್ಬೆರಳಾಡಿಸಿದರು. ಅಲ್ಲಲ್ಲಿ ಸೊಟ್ಟಗಿತ್ತು. “ಹೊಸದಾಗಿ ಕಲಿಯೋರು ಹೊಲಿದಂಗಿದೆ,” ಎಂದರು. ಮುಖ ಮಾತ್ರ ಅರಳಿತ್ತು.

ಆಮೇಲೆ ಮೆಲ್ಲಗೆ ಕ್ಯಾಮೆರಾವನ್ನು ಸೊಸೆಯ ಕಡೆಗೆ ತಿರುಗಿಸಿದರು. ಪರದೆಗೆ ಮುಖವಿಟ್ಟು, ಬಿಳಿ ಗೆರೆಗಳಲ್ಲಿ ಮೂಡಿದ ಅವಳ ಕೆನ್ನೆ, ಗದ್ದವನ್ನು ಬಹಳ ಹೊತ್ತು ನೋಡಿದರು.

“ಎಷ್ಟು ಸೊರಗಿದ್ದೀಯೇ! ನನಗೆ ಯಾರೂ ಹೇಳ್ಲೇ ಇಲ್ವಲ್ಲ.”

ಸೊಸೆ ಮುಖ ಪಕ್ಕಕ್ಕೆ ತಿರುಗಿಸಹೋದಳು.

“ಅಲ್ಲಾಡ್ಬೇಡ,” ಎಂದರು ಅತ್ತೆ. “ಇನ್ನೂ ನೋಡಿ ಮುಗ್ದಿಲ್ಲ.”